ಗಿರ್ರನೆ ತಿರುಗಿದ ಗೊಂಬೆ

ಮಿರಜ, ಬುಧವಾರ

ತಮ್ಮ ಸುಭಾಷನಿಗೆ ಅಕ್ಕನ ಆಶೀರ್ವಾದ.

ನನ್ನ ಮಗಳು ಸುಮನಳ ಕೂಸು ಹೃದಯದ ಆಪರೇಷನ್ ಆದ ಮೇಲೆ ಹಾಲು ಕುಡಿದು ನಗುತ್ತಿದೆ, ಹೆದರಬೇಡ. ಆದರೂ ಆ ಪುಟ್ಟ ಹೃದಯ ಯಾವಾಗಲಾದರೂ ನಿಂತರೆ ಎಂದು, ಎದೆ ಒತ್ತಿ ಉಸಿರು ಕೊಡುವುದನ್ನು ಇಲ್ಲಿ ಆಸ್ಪತ್ರೆಯಲ್ಲಿ ಮನೆಯವರಿಗೂ ಗೊಂಬೆಯ ಮೇಲೆ ಕಲಿಸುತ್ತಾರೆ.

"ಕೂಸಿನ ಉಸಿರು ನಿಂತೈತಿ ಅಂತ ತಿಳೀರಿ. ಏನ್ ಮಾಡ್ತೀರಿ?" ಎಂದು ಸಿಸ್ಟರ್ ಕೇಳಿದ್ದೇ ತಡ, ನಾನು ಗೊಂಬೆಯ ಕಾಲು ಹಿಡಿದು ಗಿರ್ರನೆ ಬೀಸಿಬಿಟ್ಟೆ! ಹುಟ್ಟಿದ ಮರಿ ಉಸಿರಾಡದಿದ್ದರೆ ಹಟ್ಟಿಯಲ್ಲಿ ನಾವು ಹಾಗೇ ಮಾಡುತ್ತೇವಲ್ಲ?

"ಅಯ್ಯೋ ಆಜಿ, ಇದು ಕುರಿಮರಿ ಅಲ್ರೀ! ಕೆಳಗ ಇಡ್ರಿ!" ಎಂದು ಆಕೆ ಕೂಗಿದಳು. ಇಡೀ ವಾರ್ಡು ನಕ್ಕಿತು.

ಆಮೇಲೆ ಎರಡು ಹೆಬ್ಬೆರಳಿನಿಂದ ಒತ್ತಿದೆ. ಮೆತ್ತಗೆ ಒತ್ತಿದರೆ ಗೊಂಬೆಯ ದೀಪ ಕೆಂಪು. "ಅಂಜಬ್ಯಾಡ್ರಿ, ಆಳಕ್ಕ ಒತ್ರಿ. ಎದಿ ಪೂರಾ ಮ್ಯಾಲ ಏಳಾಕ ಬಿಡ್ರಿ" ಎಂದಳು. ಹಾಗೆ ಮಾಡಿದೆ, ಹಸಿರಾಯಿತು! ಆದರೆ ತುಸು ಹೊತ್ತಿಗೇ ನನ್ನ ಬೆರಳು ಸೋತು ಮತ್ತೆ ಕೆಂಪಾಯಿತು.

ಒಬ್ಬರು ಸೋತಾಗ ಇನ್ನೊಬ್ಬರು ಒತ್ತಬೇಕಂತೆ. ಮನೆಯಲ್ಲಿ ಇಬ್ಬರು ಚೆನ್ನಾಗಿ ಕಲಿತರೆ ಮಾತ್ರ ಕೂಸನ್ನು ನಮ್ಮೂರು ಸಲಗರೆಗೆ ಕಳಿಸುತ್ತಾರೆ. ಸುಮನ ಕಲಿತಳು. ಅಳಿಯ ಕುರಿಗಳ ಹಿಂದೆ ದೂರ ಹೋಗಿದ್ದಾನೆ. ಉಣ್ಣೆ ಕತ್ತರಿಸಿ ಗಟ್ಟಿಯಾದ ಹೆಬ್ಬೆರಳು ನಿನ್ನವು, ಈ ಕಾರ್ಡು ಮುಟ್ಟಿದ ದಿನವೇ ಬಸ್ಸು ಹತ್ತು. ಫೋನಿನಲ್ಲಿ ಹೇಳಿದ್ದರೆ ನೀನು ಬರೀ ನಗುತ್ತಿದ್ದೆ, ಅದಕ್ಕೇ ಬರೆದೆ. ನನ್ನ ಮೊಣಕಾಲು ನೋವು ಕಡಿಮೆಯಾಗಿದೆ.

ಬಂದಾಗ ಗೊಂಬೆಯ ಕಾಲಿಗೆ ಮಾತ್ರ ಕೈ ಹಾಕಬೇಡ. ನನ್ನ ತಮ್ಮ ಬರುತ್ತಾನೆ ಎಂದಾಗಲೇ ಸಿಸ್ಟರ್ ಅದನ್ನು ಎತ್ತಿ ಕಪಾಟಿನ ಮೇಲಿಟ್ಟಿದ್ದಾಳೆ.

ನಿನ್ನ ಅಕ್ಕ
ಕೃಷ್ಣವ್ವ