ಶೆಡ್ಡಿನ ಬಾಗಿಲಿಗೆ ಬಣ್ಣ ಬೇಡ

ಅಕ್ಕಾ,

ನೀನು ಏಳುವ ಮೊದಲೇ ಅಪ್ಪನ ಜಾಗದ ಪಾಲಿನ ವಿಚಾರಕ್ಕೆ ವಕೀಲರ ಹತ್ತಿರ ಹೊರಟಿದ್ದೇನೆ. ಅಮ್ಮನಿಗೆ ಮಾತ್ರೆ ಊಟವಾದ ಮೇಲೆ ಕೊಡು, ಮೊದಲಲ್ಲ.

ಬಣ್ಣದವನು ಬಂದರೆ ವಾಪಸ್ ಕಳಿಸು. ಮರದ ಮಿಲ್ಲಿನಿಂದ ಸಾಲವಾಗಿ ತಂದ ಹಲಗೆಗಳ ಲೆಕ್ಕವನ್ನು ಅಪ್ಪ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು, ತೀರಿಸಿದ ಮೇಲಷ್ಟೇ ಒರೆಸುತ್ತಿದ್ದರು. ಅವರು ಒರೆಸದೆ ಹೋದದ್ದನ್ನು ನಾವು ಒರೆಸುವುದು ಬೇಡ.

"ಕಾಗದವಿಲ್ಲದ ಸಾಲ ಎಂಥ ಸಾಲವೋ? ನೀನು ಬಾಯಿ ಮುಚ್ಕೊಂಡಿದ್ರೆ ಜಾಗ ಪೂರ್ತಿ ನಿಮ್ಮಿಬ್ಬರದೇ" ಎಂದು ನಿನ್ನೆ ಭಾವ ಅಂದರು. ಮೊದಲು ಅಪ್ಪನ ಸಾಲ, ಉಳಿದದ್ದರಲ್ಲಿ ಮಕ್ಕಳ ಪಾಲು ಎಂದು ವಕೀಲರು ಹೇಳಿದ್ದನ್ನು ನೀನೂ ಕೇಳಿದ್ದೀಯ. ಸಾಲ ತೀರಿಸಲು ರಸ್ತೆ ಬದಿಯ ಅರ್ಧ ಮಾರಬೇಕು. ನೀನು ಮನೆ ಕಟ್ಟಬೇಕೆಂದಿದ್ದ ಅರ್ಧ ಅದೇ.

ಮಿಲ್ಲಿನ ಯಜಮಾನರು ಸಾವಿನ ಮನೆಯೆಂದು ಇನ್ನೂ ಏನೂ ಕೇಳಿಲ್ಲ. ಅವರು ಬಂದು ಜಗಳವಾಡಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಸಾಲವಿದೆಯೇ ಎಂದು ವಕೀಲರು ಇವತ್ತು ಕೇಳುತ್ತಾರೆ. ಹೌದು ಎನ್ನುತ್ತೇನೆ. ಉಳಿಯುವ ಹಿಂಬದಿಯ ಅರ್ಧ ಪೂರ್ತಿ ನೀನೇ ಇಟ್ಟುಕೋ, ಅಲ್ಲೇ ಮನೆ ಕಟ್ಟು.

ಭಾವನಿಗೆ ಮಾತ್ರ ನೀನೇ ಹೇಳು. ಅಷ್ಟು ಧೈರ್ಯ ನನಗಿಲ್ಲ.