ಕೆಂಪು ಗುಂಡಿ

ಅಪ್ಪಾ,

ನೀವು ಇಪ್ಪತ್ತೆಂಟು ವರ್ಷ ಗಣಿತ ಹೇಳಿದ, ಈಗ ನಾನು ಹೇಳುತ್ತಿರುವ ಕೋಣೆಯಲ್ಲಿ ಕುರ್ಚಿಗಳಿಗೆಲ್ಲ ಗಾಲಿ. ದೋಣಿಗಳ ಹಾಗೆ ತೇಲಿಕೊಂಡು ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಪುಟ್ಟ ರಿಮೋಟು: ಅರ್ಥವಾದರೆ ಹಸಿರು ಗುಂಡಿ, ಆಗದಿದ್ದರೆ ಕೆಂಪು. ಒತ್ತಿದವರು ಯಾರೆಂದು ಯಾರಿಗೂ ತಿಳಿಯದು, ಎಷ್ಟು ಮಂದಿ ಎಂಬುದಷ್ಟೇ ಗೋಡೆಯ ಪರದೆಯಲ್ಲಿ ಕಾಣುತ್ತದೆ.

ಮೊನ್ನೆ ನಿಮ್ಮ ಹಳೆಯ ನೋಟ್ಸನ್ನೇ ಚಾಚೂ ತಪ್ಪದೆ ಓದಿ, "ಅರ್ಥ ಆಯ್ತಾ?" ಎಂದೆ. ಎಲ್ಲರೂ ತಲೆಯಾಡಿಸಿದರು. ಆದರೆ ಪರದೆಯ ಮೇಲೆ ಕೆಂಪು ಬಣ್ಣ ನೀರಿನಂತೆ ಸದ್ದಿಲ್ಲದೆ ಏರಿತು. ಅರವತ್ತರಲ್ಲಿ ಐವತ್ತೆರಡು! ಕೋಣೆಗೆಲ್ಲ ಸಂಜೆಯಾದಂತಿತ್ತು. ಆಮೇಲೆ, "ಪಕ್ಕದವರಿಗೆ ನೀವೇ ಹೇಳಿಕೊಡಿ" ಎಂದೆ. ಪಿಸುಮಾತು ಹಬ್ಬಿದಂತೆಲ್ಲ ಕೆಂಪು ಇಳಿಯುತ್ತ ಹೋಯಿತು.

ಫೋನಿನಲ್ಲಿ ಇದನ್ನು ಹೇಳಿದರೆ, "ಆಟಿಕೆ ಇಟ್ಕೊಂಡು ಪಾಠ ಮಾಡ್ತಾರೇನೇ?" ಎಂದು ರೇಗಿದಿರಿ. ಗುರುವಾರ ಹತ್ತಕ್ಕೆ ಬನ್ನಿ. ಕನ್ನಡಕ ಮರೆಯಬೇಡಿ. ಕಿಟಕಿ ಪಕ್ಕ ಗಾಲಿಯಿಲ್ಲದ ಕುರ್ಚಿ ಹಾಕಿಸಿರುತ್ತೇನೆ, ನಿಮಗೂ ಒಂದು ರಿಮೋಟು ಇರುತ್ತದೆ. ಅರ್ಥವಾಗದಿದ್ದರೆ ದಾಕ್ಷಿಣ್ಯ ಬೇಡ, ಕೆಂಪು ಒತ್ತಿ.

ಚಿಕ್ಕವಳಿದ್ದಾಗ ಊಟದ ಮೇಜಿನ ಮೇಲೆ ನೀವು ಲೆಕ್ಕ ಬಿಡಿಸಿ ತೋರಿಸುವಾಗ, "ಹ್ಞೂಂ ಅಪ್ಪ, ಅರ್ಥ ಆಯ್ತು" ಎನ್ನುತ್ತಿದ್ದೆನಲ್ಲ, ಒಂದು ದಿನವೂ ಆಗಿರಲಿಲ್ಲ. ಮರುದಿನ ತರಗತಿಯಲ್ಲಿ ಪಕ್ಕ ಕೂರುತ್ತಿದ್ದವಳ ಹತ್ತಿರ ಹೇಳಿಸಿಕೊಳ್ಳುತ್ತಿದ್ದೆ.

ಅರ್ಥ ಆಯ್ತು ಎಂದಾಗ ನಿಮ್ಮ ಮುಖ ಅರಳುತ್ತಿತ್ತು, ಅದಕ್ಕೆ.

ಗುರುವಾರ ಕಾಯುವ,
ನಿಮ್ಮ ಮಗಳು