ನೂರ ಹನ್ನೆರಡನೆಯ ಪುಟ

ಲುಕಾಂಗ್, ತೈವಾನ್
3 ಡಿಸೆಂಬರ್ 1978

ಪ್ರೀತಿಯ ಆ-ಚಿಂಗ್,

ಹೇಗಿದ್ದೀಯ ಮಗಳೇ? ಮ್ಯಾಡ್ರಿಡ್‌ನಲ್ಲಿ ಚಳಿ ಶುರುವಾಗಿರಬೇಕು. ಹೋದ ವರ್ಷದ ಕೆಮ್ಮು ಪೂರ್ತಿ ಬಿಟ್ಟಿತೇ? ಬಿಸಿನೀರನ್ನೇ ಕುಡಿ, ಅಲ್ಲಿಯವರು ನಗುತ್ತಾರೆಂದು ತಣ್ಣೀರಿಗೆ ಹೋಗಬೇಡ. ಇಲ್ಲಿ ಗಾಳಿ ಜೋರು. ನಿನ್ನ ಅಮ್ಮ ಮೂಲಂಗಿ ಒಣಹಾಕಲು ದಿನಕ್ಕೆ ಮೂರು ಸಲ ತಾರಸಿ ಹತ್ತಿಳಿಯುತ್ತಾಳೆ. ನನ್ನ ಮಂಡಿಯ ವಿಷಯ ಬಿಡು. ಈ ಪತ್ರವನ್ನು ಹಲ್ಲಿನ ಡಾಕ್ಟರ್ ಕೋ ಜಪಾನಿಗೆ ಒಯ್ದು ಅಲ್ಲಿಂದ ಅಂಚೆಗೆ ಹಾಕುತ್ತಾರೆ, ಇಲ್ಲಿಯ ಅಂಚೆಯವರು ಒಡೆದು ಓದುವ ಭಯವಿಲ್ಲ. ಆದ್ದರಿಂದ ಮನಸ್ಸಿನಲ್ಲಿದ್ದುದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ. ಅಭ್ಯಾಸ ತಪ್ಪಿದೆ, ವಾಕ್ಯಗಳು ತಡವರಿಸಿದರೆ ಸಹಿಸಿಕೋ.

ನಿನ್ನ ಪುಸ್ತಕವನ್ನು ನಾಲ್ಕನೆಯ ಸಲ ಓದಿದೆ. ಮೂವತ್ತು ವರ್ಷ ಭೂಗೋಳ ಕಲಿಸಿದೆ. ನಕ್ಷೆಯ ಮೇಲೆ ಬೆತ್ತದಿಂದ ತೋರಿಸಿದ ಊರುಗಳಲ್ಲಿ ಒಂದನ್ನೂ ಕಂಡವನಲ್ಲ. ಅನುಮತಿಯಿಲ್ಲದೆ ಈ ದ್ವೀಪ ಬಿಡುವಂತಿಲ್ಲವಲ್ಲ, ಅದಕ್ಕೇ ಹೊರದೇಶದಲ್ಲಿ ಅಲೆದವರ ಪುಸ್ತಕಗಳು ಇಲ್ಲಿ ಅಂಗಡಿಗೆ ಬಂದ ವಾರವೇ ಮುಗಿಯುತ್ತವೆ. ನಾನು ಪಕ್ಕದಲ್ಲಿ ಅಟ್ಲಾಸ್ ಬಿಚ್ಚಿಟ್ಟುಕೊಂಡು ಓದಲು ಕೂತರೆ ನಿನ್ನಮ್ಮ, "ಓಹೋ, ಸವಾರಿ ಇವತ್ತು ಎಲ್ಲಿಗೋ? ಊಟಕ್ಕೆ ವಾಪಸ್ ಬರ್ತೀರಾ, ಅಲ್ಲೇ ಮುಗಿಸ್ಕೋತೀರಾ?" ಎನ್ನುತ್ತಾಳೆ. ನಿನ್ನ ಪುಸ್ತಕ ಬಂದಾಗ ಮಾತ್ರ ಅವಳೂ ಬಂದು ಕೂತಳು. ನಾನು ಗಟ್ಟಿಯಾಗಿ ಓದಿದೆ. ನೂರ ಹನ್ನೆರಡನೆಯ ಪುಟಕ್ಕೆ ಬಂದಾಗ ಪುಸ್ತಕ ಕೆಳಗಿಟ್ಟೆ.

ಕೋಬೆಯ ಓಣಿಯೊಂದರಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕ ನಿನ್ನ ಉಚ್ಚಾರ ಕೇಳಿ ಒಳಗೆ ಕರೆದು, ಗೆಣಸಿನ ಹಿಟ್ಟು ಕಲಸಿ, ನಮ್ಮೂರಿನ ಹಾಗೆ ಸಿಂಪಿಯ ಮಾಂಸ ಹಾಕಿದ ಮೊಟ್ಟೆದೋಸೆ ಮಾಡಿಕೊಟ್ಟನೆಂದು ಬರೆದಿದ್ದೀಯ. ಪ್ರತಿ ಮೊಟ್ಟೆಯನ್ನೂ ಒಡೆಯುವ ಮೊದಲು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದನೆಂದೂ, ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲವೆಂದೂ. ಆ ಉಗುರು ಹೋದದ್ದು ನಮ್ಮ ಹಿತ್ತಿಲ ಬಾಗಿಲ ಸಂದಿಯಲ್ಲಿ. ಬಾಗಿಲು ಎಳೆದವನು ನಾನು, ಆಗ ನನಗೆ ಆರು ವರ್ಷ. ಅವನು ನನ್ನ ಅಣ್ಣ ತಿಂಗ್-ಹೆ. ನಿನ್ನ ದೊಡ್ಡಪ್ಪ ಸಮುದ್ರದಲ್ಲಿ ಮುಳುಗಿಹೋದನೆಂದು ನಿನಗೆ ಹೇಳುತ್ತ ಬಂದೆವು. ಐವತ್ತನೆಯ ಇಸವಿಯಲ್ಲಿ ಅವನ ಜೊತೆ ಕೂತು ಪುಸ್ತಕ ಓದುತ್ತಿದ್ದ ಗೆಳೆಯರನ್ನು ಸರ್ಕಾರದವರು ಒಬ್ಬೊಬ್ಬರಾಗಿ ಹಿಡಿದುಕೊಂಡು ಹೋದರು. ಅದೇ ವಾರ ಅವನು ಮೀನುದೋಣಿ ಹತ್ತಿದ. ಹೆಣವಿಲ್ಲದೆ ಸಂಸ್ಕಾರ ಮಾಡಿ, ಅವನ ಹೆಸರಿನ ಹಲಗೆಯನ್ನು ಹಿರಿಯರ ಸಾಲಿನಲ್ಲಿ ಇಟ್ಟೆವು. ಇಪ್ಪತ್ತೆಂಟು ವರ್ಷದಿಂದ ಊದುಬತ್ತಿ ಹಚ್ಚುತ್ತಿದ್ದೇವೆ. ಅವನು ಬದುಕಿದ್ದಾನೆಂದು ನನಗೆ ಗೊತ್ತಾದದ್ದು ಎಲ್ಲ ಓದುಗರಿಗೂ ಸಿಗುವ ಒಂದು ಪುಸ್ತಕದಿಂದ.

ಹೋದ ಮಂಗಳವಾರ ಮಧ್ಯಾಹ್ನ ಭದ್ರತಾ ಇಲಾಖೆಯ ಕಡೆಯಿಂದ ಫಾಂಗ್ ಎಂಬಾತ ಬಂದ. ಮೂವತ್ತರ ಒಳಗಿನವನು, ಬೂಟು ಬಿಚ್ಚಿ ಒಳಗೆ ಬಂದ, ಎರಡೂ ಕೈಯಲ್ಲಿ ಚಹಾ ತೆಗೆದುಕೊಂಡ. ಚೀಲದಿಂದ ನಿನ್ನ ಪುಸ್ತಕ ಹೊರಬಂತು, ತುಂಬ ಕಾಗದದ ಚೂರುಗಳ ಗುರುತು. ನಿನ್ನನ್ನು ಅಷ್ಟು ಗಮನವಿಟ್ಟು ಓದಿದವರು ನನ್ನನ್ನು ಬಿಟ್ಟರೆ ಅವನೊಬ್ಬನೇ ಇರಬೇಕು. "ಏನು ಚೆನ್ನಾಗಿ ಬರೀತಾರೆ ಮೇಷ್ಟ್ರೇ ನಿಮ್ಮ ಮಗಳು! ಓದ್ತಾ ಓದ್ತಾ ಹೊಟ್ಟೆ ಹಸೀತು. ಈ ಕೋಬೆ ಮುದುಕ ಇದ್ದಾನಲ್ಲ, ನಮ್ಮೂರಿನವನ ಹಾಗೇ ಅಡುಗೆ ಮಾಡ್ತಾನೆ. ಯಾರಿರಬಹುದು?" ಎಂದ. ನಾನು ನಕ್ಕೆ. "ಪುಸ್ತಕ ಖರ್ಚಾಗಬೇಕಲ್ಲ ಸ್ವಾಮಿ. ಅವಳು ಚಿಕ್ಕಂದಿನಿಂದಲೂ ಸುಳ್ಳುಬುರುಕಿ" ಎಂದೆ. ಒಳಗಿನಿಂದ ನಿನ್ನಮ್ಮ, "ಒಂದು ಮೊಟ್ಟೆ ಹುರಿಯೋಕೆ ಬಾರದವಳು ಅಡುಗೆ ಬಗ್ಗೆ ಬರೀತಾಳಂತೆ! ಯಾವನಾದ್ರೂ ಕಟ್ಟಿಕೊಂಡರೆ ಉಪವಾಸವೇ ಗತಿ" ಎಂದು ಕೂಗಿದಳು. ಫಾಂಗ್ ಕೂಡ ನಕ್ಕ. ಆಮೇಲೆ ಅಡುಗೆಮನೆಗೆ ಹೋಗಿ ನೋಡಿದರೆ ಅವಳು ಎರಡೂ ಅಂಗೈಗಳನ್ನು ಅಡುಗೆಕಟ್ಟೆಯ ಕಲ್ಲಿಗೆ ಒತ್ತಿ ನಿಂತಿದ್ದಳು.

ಅಂದಿನಿಂದ ಪುಸ್ತಕವನ್ನು ಫಾಂಗ್ ಓದುವ ಹಾಗೆ ಓದುತ್ತಿದ್ದೇನೆ. ಭಯಪಟ್ಟವನು ಬಹಳ ಒಳ್ಳೆಯ ಓದುಗ, ಒಂದು ಅಲ್ಪವಿರಾಮವನ್ನೂ ಬಿಡುವುದಿಲ್ಲ. ಅಲೆಮಾರಿಗೆ ದಾರಿಯಲ್ಲಿ ಅನ್ನ ಹಾಕಿದವರ ಋಣ ದೊಡ್ಡದು, ಅದನ್ನು ಬರೆದೇ ತೀರಿಸಬೇಕು. ಆದರೆ ಬರೆಯುವಾಗ ಅವರ ಕೈ, ಓಣಿ, ಬಾಗಿಲು ಎಲ್ಲವನ್ನೂ ಹೇಳಿಬಿಡುತ್ತೇವೆ. ನಿನ್ನದು ತಪ್ಪಲ್ಲ. ಆ ಮುದುಕ ಯಾರೆಂದು ನಿನಗೆ ಆಗ ತಿಳಿದಿರಲಿಲ್ಲ. ನಿನ್ನ ಮನೆತನದ ಹೆಸರು ಕೇಳಿದ ಮೇಲೂ ಅವನು ಬಾಯಿ ಬಿಟ್ಟಿಲ್ಲ. ನೀನು ಹೊರಟಾಗ ಕೈಗೆ ಮೂರು ಮೊಟ್ಟೆ ಬೇಯಿಸಿ ಕೊಟ್ಟನೆಂದು ಬರೆದಿದ್ದೀಯ. ಆ ಸಾಲನ್ನು ಓದುವಾಗ ಮಾತ್ರ ನಾನು ಫಾಂಗ್ ಆಗಲಾರೆ.

ಮೈ ಬೆಚ್ಚಗಿಟ್ಟುಕೋ. ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆಂದು ತಿಳಿ. ಎಲ್ಲಿದ್ದರೂ ನಿನ್ನ ದಾರಿ ಸುಗಮವಾಗಿರಲಿ.

ನಿನ್ನ
ಅಪ್ಪ

ಮುಖ್ಯವಾದದ್ದನ್ನೇ ಮರೆತಿದ್ದೆ, ಡಾಕ್ಟರ ಕಾರು ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಮುಂದಿನ ಮುದ್ರಣದಲ್ಲಿ ಆ ಪುಟ ತೆಗೆಸು. ಕೋಬೆಯ ಕಡೆ ಹೋಗಬೇಡ, ಬರೆಯಲೂ ಬೇಡ. ಇನ್ನೊಂದು. ನಿನಗೆ ಅಂಚೆಯಲ್ಲಿ ನನ್ನ ಮತ್ತೊಂದು ಪತ್ರ ಬರುತ್ತದೆ, ಹೊಸವರ್ಷಕ್ಕೆ ಮನೆಗೆ ಬಾ ಎಂದು. ಅಕ್ಷರ ನನ್ನದೇ. ಫಾಂಗ್ ಎದುರಿಗೆ ಕೂತು ಬರೆಸಿದ್ದು. ಚೆನ್ನಾಗಿಯೇ ಬರೆದಿದ್ದೇನೆ, ಓದಿದರೆ ನಿನಗೆ ತಡೆಯಲಾರದಷ್ಟು ಅಳು ಬರುತ್ತದೆ. ಬರಬೇಡ.